ಕೂದಲು ಕರಗಿದ ನೀರು

ಆ ಕಾರ್ಖಾನೆಗೆ ಬರುತ್ತಿದ್ದುದೆಲ್ಲ ಜನ ಬೇಡವೆಂದು ಬಿಟ್ಟದ್ದು. ಕ್ಷೌರದಂಗಡಿಗಳಲ್ಲಿ ಗುಡಿಸಿದ ಕೂದಲು, ಕೋಳಿ ಅಂಗಡಿಗಳ ಪುಕ್ಕ, ಕಸಾಯಿಖಾನೆಯ ಗೊರಸು, ಕೊಂಬು. ಎಲ್ಲವೂ ಚೀಲ ಚೀಲವಾಗಿ ಬಂದು ಅಂಗಳದಲ್ಲಿ ಬೀಳುತ್ತಿತ್ತು. ಅದನ್ನು ತೊಳೆದು, ಕಾಸ್ಟಿಕ್ ಸೋಡಾ ಬೆರೆಸಿದ ನೀರಿನೊಡನೆ ದೊಡ್ಡ ಹಂಡೆಗಳಿಗೆ ತುಂಬಿ ಹಬೆ ಕೊಟ್ಟರೆ, ಕೂದಲು ಕರಗಿ ಕಷಾಯದ ಬಣ್ಣದ ರಸವಾಗುತ್ತಿತ್ತು. ಸೋಸಿ ಗಟ್ಟಿ ಮಾಡಿದ ರಸದಲ್ಲಿ ಒಂದು ಪಾಲು ಬೆಂಕಿ ಆರಿಸುವವರಿಗೆ ಹೋಗುತ್ತಿತ್ತು, ಎಣ್ಣೆಗೆ ಹತ್ತಿದ ಉರಿಯ ಮೇಲೆ ನೊರೆ ಹೊದಿಸಲಿಕ್ಕೆ. ಉಳಿದದ್ದು ಹೂವಿನ ಗಿಡ ಬೆಳೆಸುವವರಿಗೆ. ಯಾರದೋ ತಲೆಯಿಂದ ಉದುರಿದ್ದು ಇನ್ನಾರದೋ ಮನೆಯ ಬೆಂಕಿ ಆರಿಸಿ ಬರುತ್ತದೆ ಎಂದು ಕಾರ್ಖಾನೆಯ ಒಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ತಲೆದೂಗುತ್ತಿದ್ದರು.

ಅಲ್ಲಿ ಮೂಗು ಮುಚ್ಚದೆ ಓಡಾಡುತ್ತಿದ್ದವರು ಒಬ್ಬರೇ. ಅವರನ್ನು ಎಲ್ಲರೂ ಮೂಗು ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ಆದರೆ ಹಂಡೆಯ ಮುಂದೆ ನಿಂತು ಒಂದು ಸಲ ಉಸಿರೆಳೆದುಕೊಂಡರೆ ಒಳಗೆ ಏನಾಗಿದೆ ಎಂದು ಹೇಳುತ್ತಿದ್ದರು. ಮೊದಲು ನೆನೆದ ನಾಯಿಯ ವಾಸನೆ. ಆಮೇಲೆ ಸುಟ್ಟ ಉಗುರಿನದು. ಕೊನೆಗೆ, ಎಲ್ಲ ಕರಗಿದ ಮೇಲೆ, ಬೆಂದ ಕಾಳಿನಂಥ ಒಂದು ತಣ್ಣಗಿನ ವಾಸನೆ. ಅದು ಬಂದಾಗ "ಇಳಿಸಿ" ಎನ್ನುತ್ತಿದ್ದರು. ಒಡತಿ ಒಮ್ಮೆ ಗಾಳಿಯಲ್ಲಿ ಏನಿದೆಯೆಂದು ಅಳೆಯುವ ದುಬಾರಿ ಮೀಟರೊಂದನ್ನು ತಂದು ಗೋಡೆಗೆ ತೂಗುಹಾಕಿಸಿದ್ದಳು. ಕಾಸ್ಟಿಕ್ ಹಬೆಗೆ ಅದರ ಮುಖ ತುಕ್ಕು ಹಿಡಿದು ಹೋಯಿತು. ಮೇಷ್ಟ್ರ ಮೂಗು ಹಾಗೆಯೇ ಇತ್ತು. ಮತ್ತೆ ಮೀಟರಿನ ಮಾತು ಬರಲಿಲ್ಲ.

ಇನ್ನು ಕೂದಲು, ಹಂಡೆ ತೊಳೆದ ನೀರಿನ ಸಂಗತಿ. ಮೊದಲೆಲ್ಲ ಅದನ್ನು ಹಿಂದಿನ ಕಾಲುವೆಗೆ ಬಿಡುತ್ತಿದ್ದರು. ಕಾಲುವೆ ಕಪ್ಪಾಗಿ ಜನ ಬಂದು ಬೈದು ಹೋಗುತ್ತಿದ್ದರು. ಆ ನೀರಿಗೆ ಒಂದು ದಾರಿ ಮಾಡಿದವಳು ಮೇಷ್ಟ್ರ ಹೆಂಡತಿ. ತೊಟ್ಟಿಯ ಅಡಿಯಲ್ಲಿ ಕೂತ ಕೆಸರನ್ನು ಸುಮ್ಮನೆ ಎಸೆಯಲಾರದೆ ಗೋಡೆಯ ಪಕ್ಕದ ಒಣಗಿದ ನಿಂಬೆ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಸತ್ತೇ ಹೋಯಿತೆಂದುಕೊಂಡಿದ್ದ ಗಿಡ ಚಿಗುರಿತು. ಒಡತಿ ಬಂದು ನೋಡಿದಳು. ಆಮೇಲೆ ಅಂಗಳದ ತಗ್ಗಿನಲ್ಲಿ ಒಂದು ಕೊಠಡಿ ಕಟ್ಟಿ, ತೊಟ್ಟಿಗಳನ್ನು ಹೂಳಿಸಿ, ಅದಕ್ಕೆ ನೀರುಮನೆ ಎಂದು ಹೆಸರಿಟ್ಟರು. ನೀರಿಗೆ ಅಳತೆಯಾಗಿ ಆಸಿಡ್ ಬಿಟ್ಟರೆ ಅದರಲ್ಲಿ ಕರಗಿದ್ದ ಕೂದಲಿನ ಸತ್ವ ಒಡೆದ ಹಾಲಿನಂತೆ ಬಿಳಿಯಾಗಿ ಬೇರೆಯಾಗುತ್ತಿತ್ತು. ಅದನ್ನು ಕುಂಟೆಯಿಂದ ಎಳೆದು, ಬಟ್ಟೆಯಲ್ಲಿ ಕಟ್ಟಿ, ಹಿಂಡುವ ಯಂತ್ರಕ್ಕೆ ಕೊಟ್ಟರೆ ಗೊಬ್ಬರದ ಬಿಲ್ಲೆ. ತಿಳಿಯಾದ ನೀರು ಮಾರನೆಯ ದಿನದ ಚೀಲಗಳನ್ನು ತೊಳೆಯಲಿಕ್ಕೆ. ಕಾಲುವೆಗೆ ಏನೂ ಹೋಗುತ್ತಿರಲಿಲ್ಲ. ಹೆಂಡತಿ ಕುಂಟೆ ಹಿಡಿಯುತ್ತಿದ್ದಳು, ಮೇಷ್ಟ್ರು ವಾಸನೆ ನೋಡುತ್ತಿದ್ದರು.

ಒಂದು ಚಳಿಗಾಲದಲ್ಲಿ ಗಂಡಹೆಂಡಿರಿಬ್ಬರಿಗೂ ಒಂದೇ ಜ್ವರ ಬಂತು. ಜ್ವರ ಹೆಂಡತಿಯನ್ನು ಒಯ್ದಿತು. ಮೇಷ್ಟ್ರನ್ನು ಬಿಟ್ಟಿತು, ಅವರ ಮೂಗನ್ನು ಒಯ್ದಿತು.

ಅವರಿಗೆ ಅದು ಗೊತ್ತಾದದ್ದು ಕಾರ್ಖಾನೆಗೆ ಮರಳಿದ ದಿನ. ಬಾಗಿಲು ದಾಟಿ ಅಂಗಳಕ್ಕೆ ಬಂದರು. ಗಾಳಿ ಮುಖಕ್ಕೆ ಬಡಿಯಿತು, ಅಷ್ಟೇ. ಖಾಲಿ ಗಾಳಿ. ಹಂಡೆಯ ಮುಚ್ಚಳ ತೆಗೆಸಿ ಬಗ್ಗಿದರು. ಮುಖ ಬಿಸಿಯಾಯಿತು, ಕಣ್ಣಿನಲ್ಲಿ ನೀರು ಬಂತು. ಹೆಂಡತಿ ಹೋದಾಗ ಬಾರದ ಕಣ್ಣೀರು ಹಬೆಗೆ ಬಂತಲ್ಲ ಎಂದುಕೊಂಡರು. ಅದನ್ನೂ ಯಾರೋ ಬೇರೆಯವರ ವಿಷಯವೆಂಬಂತೆ ಅಂದುಕೊಂಡರು. ಅಂದಿನಿಂದ ಒಳಗೆ ಎಲ್ಲವೂ ಹಾಗೆಯೇ ಇತ್ತು. ಬೆಳಿಗ್ಗೆ ಏಳುತ್ತಿದ್ದರು, ಮೀಯುತ್ತಿದ್ದರು, ದೀಪ ಹಚ್ಚಿ ದೇವರ ಮುಂದೆ ಕೂರುತ್ತಿದ್ದರು. ನಾಲಿಗೆ ತನ್ನ ಪಾಡಿಗೆ ತಾನು ಪ್ರಾರ್ಥನೆ ಹೇಳುತ್ತಿತ್ತು. ಏನನ್ನೂ ಬೇಡಬೇಕೆನ್ನಿಸುತ್ತಿರಲಿಲ್ಲ. ದೇವರ ಮೇಲೆ ಸಿಟ್ಟೂ ಇರಲಿಲ್ಲ. ಸಿಟ್ಟಿಗೂ ಒಳಗೆ ಸ್ವಲ್ಪ ಕಾವು ಬೇಕಾಗುತ್ತದೆ.

ಇಂದಲ್ಲ ನಾಳೆ ಮೂಗು ಮರಳುತ್ತದೆ ಎಂದು ಮೊದಲು ಸುಮ್ಮನಿದ್ದರು. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು. ಇನ್ನೊಂದು ಕಾರಣವೂ ಇತ್ತು. ಆ ವರ್ಷ ಒಡತಿ ತೊಗಲು ಹದಮಾಡುವ ಕಾರ್ಖಾನೆಯೊಂದರ ನೀರನ್ನೂ ತರಿಸಲು ಶುರುಮಾಡಿದ್ದಳು. ಅಲ್ಲಿ ಚರ್ಮದ ಕೂದಲನ್ನು ಗಂಧಕದ ಉಪ್ಪು ಹಾಕಿ ಕರಗಿಸುತ್ತಾರೆ. ಆ ನೀರಿನಲ್ಲಿ ಸತ್ವ ಹೆಚ್ಚು, ಅಪಾಯವೂ ಹೆಚ್ಚು. ಹಾಗೆಯೇ ಆಸಿಡ್ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿ ಏಳುತ್ತದೆ. ಅದಕ್ಕೇ ಮೊದಲು ತಿಳಿಗುಲಾಬಿ ಬಣ್ಣದ ಒಂದು ಉಪ್ಪು ಹಾಕಿ, ಒಂದು ಹಗಲು ಒಂದು ರಾತ್ರಿ ಯಂತ್ರದಿಂದ ಗಾಳಿ ಊದಿ, ಗಂಧಕವನ್ನು ಸಾಯಿಸಬೇಕು. ಸತ್ತಿದೆಯೋ ಇಲ್ಲವೋ ನೋಡುವುದು ಹೀಗೆ: ಒಂದು ಮಗ್ಗು ನೀರನ್ನು ಅಂಗಳಕ್ಕೆ ತಂದು, ಒಂದು ಹನಿ ಆಸಿಡ್ ಬಿಟ್ಟು, ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು ನೋಡುವುದು. ಮೇಷ್ಟ್ರು "ಬಿಡು" ಎನ್ನುವವರೆಗೆ ನೀರುಮನೆಯ ಮೇಲಿನ ಪೀಪಾಯಿಯಿಂದ ಒಂದು ಹನಿ ಆಸಿಡ್ ಇಳಿಯುತ್ತಿರಲಿಲ್ಲ. ಮೂಗಿಲ್ಲವೆಂದರೆ ಆ ನೀರು ನಿಲ್ಲುತ್ತದೆ. ನೀರುಮನೆಯ ಖರ್ಚು ಹುಟ್ಟುತ್ತಿದ್ದುದು ಈಗ ಆ ನೀರಿನಿಂದಲೇ; ಅದು ನಿಂತರೆ ನೀರುಮನೆಯೇ ನಿಲ್ಲುತ್ತದೆ. ಹೆಂಡತಿಯಿಂದ ಉಳಿದದ್ದು ಅದೊಂದೇ.

ಅವಳ ಜಾಗಕ್ಕೆ ಸೊಸೆ ಬಂದಿದ್ದಳು. ಮಗ ವ್ಯಾನಿನಲ್ಲಿ ಊರೂರು ತಿರುಗಿ ಕ್ಷೌರದಂಗಡಿಗಳ ಚೀಲ ತರುತ್ತಿದ್ದ. ವಾರದಲ್ಲಿ ಹೆಚ್ಚು ದಿನ ಮನೆಯಲ್ಲೇ ಇರುತ್ತಿರಲಿಲ್ಲ. ಸೊಸೆ ಬಾಯಿಜೋರಿನವಳು, ಕೆಲಸಕ್ಕೆ ಗಟ್ಟಿ. ಅತ್ತೆಯ ಕುಂಟೆಯನ್ನು ಹಿಡಿದ ಮೊದಲ ದಿನವೇ, "ಅತ್ತೆ ಇದನ್ನು ಹೇಗೆ ಎತ್ತುತ್ತಿದ್ರೋ ಮಾವ, ಇದು ಕುಂಟೆಯಲ್ಲ, ಕಂಬ" ಎಂದು ಹಿಡಿಯನ್ನು ಒಂದು ಗೇಣು ಕತ್ತರಿಸಿ ಹಾಕಿದ್ದಳು.

ಮೇಷ್ಟ್ರಿಗೆ ದಾರಿ ತೋರಿದವಳು ಅವಳೇ, ತನಗೆ ಗೊತ್ತಿಲ್ಲದೆ. ಒಂದು ದಿನ ಅವರು ಮಗ್ಗು ಹಿಡಿದು ಏನೂ ತೋಚದೆ ನಿಂತಿದ್ದಾಗ ಹತ್ತಿರ ಬಂದು ಬಗ್ಗಿದಳು. ತಟ್ಟನೆ ಮುಖ ಕಿವುಚಿ, "ಥೂ, ಇನ್ನೂ ಇದೆ!" ಎಂದಳು. ಮೇಷ್ಟ್ರು ತಲೆಯಾಡಿಸಿ, "ಹ್ಞೂಂ. ಇನ್ನೂ ಗಾಳಿ ಬೇಕು" ಎಂದರು. ಮಾರನೆಯ ದಿನ ಮಗ್ಗನ್ನು ಅವರೇ ಅವಳ ಕಡೆ ಚಾಚಿದರು.

"ನೀನೂ ಕಲಿತುಕೋ ತಾಯಿ. ನಾನೇನು ಶಾಶ್ವತವಾಗಿ ಇರ್ತೀನಾ?"

"ಹಾಗೆಲ್ಲ ಅನ್ನಬೇಡಿ ಮಾವ" ಎಂದು ಅವಳು ಬಗ್ಗಿ ಮೂಸುತ್ತಿದ್ದಳು. ಮೇಷ್ಟ್ರು ಅವಳ ಹುಬ್ಬು, ಮೂಗಿನ ಹೊಳ್ಳೆ, ತುಟಿಯ ಕೊನೆ ನೋಡುತ್ತಿದ್ದರು. ಅವಳ ಮುಖದಲ್ಲಿ ವಾಸನೆ ಓದುವುದನ್ನು ಸ್ವಲ್ಪ ದಿನದಲ್ಲೇ ಕಲಿತರು. ಹಂಡೆಯದೂ ಹಾಗೆಯೇ. ಕೆಲಸ ಒಂದೂ ತಪ್ಪಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ, ಹೆಂಡತಿ ಹೋದ ಮೇಲೆ ಮೇಷ್ಟ್ರು ಸೊಸೆಯನ್ನು ಮಗಳಿಗಿಂತ ಹೆಚ್ಚಾಗಿ ನೋಡುತ್ತಾರೆ, ವಿದ್ಯೆ ಧಾರೆ ಎರೆಯುತ್ತಿದ್ದಾರೆ ಎಂದು ಆಡಿಕೊಂಡರು.

ಹೀಗಿರುವಾಗ ಒಂದು ಬೆಳಿಗ್ಗೆ ತೊಗಲಿನ ಕಾರ್ಖಾನೆಯ ಲಾರಿ ಹೊಸ ನೀರು ಹೊತ್ತು ಬಂದು ಬಾಗಿಲಲ್ಲಿ ನಿಂತಿತು. ಹಿಂದಿನ ನೀರು ತೊಟ್ಟಿಯಲ್ಲಿ ಇನ್ನೂ ಇತ್ತು. ಲಾರಿಯವನು ಹಾರನ್ ಬಾರಿಸಿದ.

"ಏನ್ ಮೇಷ್ಟ್ರೇ, ತೊಟ್ಟಿ ಖಾಲಿ ಮಾಡ್ಕೊಡ್ತೀರೋ, ಇಲ್ಲ ನಾನು ಇಲ್ಲೇ ಸಂಸಾರ ಹೂಡಲೋ?"

"ಹೂಡು. ನಿನ್ನ ಲಾರಿ ವಾಸನೆಗೆ ಯಾವಳು ಬರ್ತಾಳೆ ನೋಡೋಣ" ಎಂದು ಮೇಲಿನಿಂದ ಕೂಗಿದವನು ತಿರುಪಣ್ಣ. ಆಸಿಡ್ ಪೀಪಾಯಿಯ ತಿರುಪು ಅವನ ಕೈಯಲ್ಲಿದ್ದುದರಿಂದ ಆ ಹೆಸರು. ನೀರುಮನೆಯ ಹೊರಗೋಡೆಗೆ ತಾಗಿದ ಅಟ್ಟದ ಮೇಲೆ, ಒಂದು ಕಿಟಕಿಯ ಪಕ್ಕದಲ್ಲಿ ಅವನ ಠಾವು. ಅವನು ಕೆಳಗಿಳಿದು ಬಂದು ಮೇಷ್ಟ್ರ ಕಿವಿಯಲ್ಲಿ ಹೇಳಿದ: "ರಾತ್ರಿ ಗಾಳಿ ಯಂತ್ರದ ಬೆಲ್ಟ್ ಜಾರಿಬಿಟ್ಟಿತ್ತು. ಎಷ್ಟು ಹೊತ್ತಿಗೆ ಜಾರಿತೋ ಗೊತ್ತಿಲ್ಲ. ಬೆಳಿಗ್ಗೆ ಬಂದು ಹಾಕಿದೆ. ನೀವು ಒಂದು ಸಲ ಮೂಗು ಆಡಿಸಿ ನೋಡಿಬಿಡಿ, ತಿಳಿಯುತ್ತಲ್ಲ."

ಮೇಷ್ಟ್ರು ಮಗ್ಗಿನಲ್ಲಿ ನೀರು ತಂದರು, ಹನಿ ಬಿಟ್ಟರು. ತಮ್ಮ ಮೂಗಿನ ಮುಂದೆ ಒಮ್ಮೆ ಹಿಡಿದ ಶಾಸ್ತ್ರ ಮಾಡಿ ಸೊಸೆಯ ಕಡೆ ಚಾಚಿದರು.

"ನೋಡು ತಾಯಿ."

ಸೊಸೆ ಬಗ್ಗಿದಳು. ಹುಬ್ಬು ಅಲುಗಲಿಲ್ಲ. ತುಟಿ ಬಿಗಿಯಲಿಲ್ಲ. ತಲೆಯೆತ್ತಿ ಸುಮ್ಮನೆ ಮಾವನ ಮುಖ ನೋಡಿದಳು. ಮೇಷ್ಟ್ರು ಅವಳ ಮುಖ ನೋಡಿದರು. ಲಾರಿಯವನು ಮತ್ತೆ ಹಾರನ್ ಹೊಡೆದ.

"ಬಿಡು" ಎಂದರು ಮೇಷ್ಟ್ರು.

ಸೊಸೆ ಕುಂಟೆ ಎತ್ತಿಕೊಂಡು ನೀರುಮನೆಯ ಮೆಟ್ಟಿಲಿಳಿದಳು. ತಿರುಪಣ್ಣ ಅಟ್ಟ ಹತ್ತಿ ತಿರುಪು ಬಿಚ್ಚಿದ. ಮೇಷ್ಟ್ರು ಅಂಗಳದಲ್ಲಿ ಹಿಂದಿನ ದಿನದ ಬಿಲ್ಲೆಗಳನ್ನು ಬಿಸಿಲಿಗೆ ತಿರುವಿ ಹಾಕತೊಡಗಿದರು. ಹಗುರಾದ ಬಿಲ್ಲೆ ಒಂದು ಕಡೆ, ತೇವದ್ದು ಒಂದು ಕಡೆ. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ತಿರುಪಣ್ಣ ಅಟ್ಟದ ಮೇಲಿಂದ ಆರಾಮವಾಗಿ ಹೇಳಿದ:

"ಮೇಷ್ಟ್ರೇ, ಶುರುವಿನಲ್ಲಿ ಸ್ವಲ್ಪ ಮೊಟ್ಟೆ ವಾಸನೆ ಬಂತು. ನೀವು ನೋಡಿದ್ದೀರಲ್ಲ ಅಂತ ನಾನು ತಲೆಕೆಡಿಸಿಕೊಳ್ಳಲಿಲ್ಲ. ಈಗ ನೋಡಿ, ಪೂರ್ತಿ ನಿಂತೇ ಹೋಯ್ತು."

ಮೇಷ್ಟ್ರ ಕೈಯಿಂದ ಬಿಲ್ಲೆ ಜಾರಿತು. ಆ ಗಾಳಿಯ ಗುಣವೇ ಅದು. ಸ್ವಲ್ಪ ಇದ್ದಾಗ ನಾರುತ್ತದೆ. ಹೆಚ್ಚಾದಾಗ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ವಾಸನೆ ಬಂದರೆ ಓಡು, ಬಂದು ನಿಂತರೆ ಉಸಿರು ಹಿಡಿದು ಓಡು ಎಂದು ಅವರೇ ಎಲ್ಲರಿಗೂ ಹೇಳಿಕೊಟ್ಟಿದ್ದರು. ತಿರುಪಣ್ಣನಿಗೂ ಗೊತ್ತಿತ್ತು. ಆದರೆ ಮೇಷ್ಟ್ರು ಬಿಡು ಎಂದ ಮೇಲೆ ಅವನಿಗೆ ಗೊತ್ತಿದ್ದುದೂ ಗೊತ್ತಿಲ್ಲದಂತಾಗಿತ್ತು.

"ಮುಚ್ಚು! ತಿರುಪು ಮುಚ್ಚು! ಇಳಿ ಕೆಳಗೆ!"

ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಕೂಗುತ್ತಲೇ ನೀರುಮನೆಯ ಬಾಗಿಲಿಗೆ ಬಂದರು. ಸೊಸೆ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು, ಆಯಾಸವಾಗಿ ಕೂತವಳ ಹಾಗೆ, ತಲೆ ಗೋಡೆಗೊರಗಿತ್ತು. ಕುಂಟೆ ತೊಟ್ಟಿಯಲ್ಲಿ ತೇಲುತ್ತಿತ್ತು. ಮೇಷ್ಟ್ರು ಎದೆ ತುಂಬ ಉಸಿರೆಳೆದು ಬಾಯಿ ಬಿಗಿದುಕೊಂಡು ಇಳಿದರು. ಎರಡು ತೋಳುಗಳ ಕೆಳಗೆ ಕೈ ಹಾಕಿ ಅವಳನ್ನು ಮೇಲಕ್ಕೆ ಎಳೆದರು. ಅವಳ ಹಿಮ್ಮಡಿ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು. ಕಣ್ಣು ಉರಿಯಿತು, ಎದೆ ಒಡೆಯುವಂತಾಯಿತು. ಬಾಗಿಲ ಹತ್ತಿರ ತಿರುಪಣ್ಣನ ಕೈ ಸಿಕ್ಕಿತು. ಇಬ್ಬರೂ ಸೇರಿ ಅವಳನ್ನು ಗಾಳಿ ಬೀಸುವ ಕಡೆಗೆ ಒಯ್ದು ಮಲಗಿಸಿದರು. ಲಾರಿಯವನು ಹಾರನ್ ಬಿಟ್ಟು ಓಡಿ ಬಂದ. ಅವಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಕಣ್ಣು ಬಿಡಲಾರದೆ "ಉರಿ, ಉರಿ" ಎಂದಳು. ಲಾರಿಯಲ್ಲೇ ಅವಳನ್ನು ಆಸ್ಪತ್ರೆಗೆ ಕೊಂಡೊಯ್ದರು.

ಬದುಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ವೈದ್ಯರು.

ಸಂಜೆಗೆ ಒಡತಿ ಆಸ್ಪತ್ರೆಗೆ ಬಂದಳು. ಹಿಂದೆ ತಿರುಪಣ್ಣ. ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರ ಪಕ್ಕದಲ್ಲಿ ಕೂತು ಒಡತಿ ಹೇಳಿದಳು:

"ಮೇಷ್ಟ್ರೇ, ನೀವು ಇಲ್ಲದಿದ್ದರೆ ಇವತ್ತು ಹೆಣ ಬೀಳುತ್ತಿತ್ತು. ರಾತ್ರಿ ಗಾಳಿ ಯಂತ್ರ ಕಾಯಬೇಕಿದ್ದವನ ಚರ್ಮ ಸುಲೀತೀನಿ."

"ಅಂಗಳದಲ್ಲಿ ಕೂತವರಿಗೆ ವಾಸನೆ ತಿಳಿದಿದೆ ಅಮ್ಮಾ" ಎಂದ ತಿರುಪಣ್ಣ. "ನಾನು ಕಿಟಕಿ ಪಕ್ಕದಲ್ಲೇ ಇದ್ದೆ, ವಾಸನೆ ನಿಂತೇ ಹೋಯ್ತು ಅಂದುಕೊಂಡಿದ್ದೆ. ಇದು ಮೂಗೋ, ದೇವರು ಕೊಟ್ಟ ವರವೋ!"

"ನಿನ್ನದೂ ಇದೆಯಲ್ಲ ಮುಖದ ಮೇಲೆ, ಗೋಡೆಗೆ ಹೊಡೆದ ಮೊಳೆ ಹಾಗೆ" ಎಂದಳು ಒಡತಿ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ತೊಗಲಿನವರು ಇನ್ನೂ ಒಂದು ಲಾರಿ ಹೆಚ್ಚಿಗೆ ತಗೋತೀರಾ ಅಂತ ಕೇಳ್ತಿದ್ರು. ಹೆದರಿಕೆಯಿಂದ ನಾನು ಹ್ಞೂಂ ಅಂದಿರಲಿಲ್ಲ. ಇವತ್ತು ಧೈರ್ಯ ಬಂತು ನೋಡಿ" ಎಂದಳು.

ಮೇಷ್ಟ್ರು ಎದುರಿನ ಗೋಡೆ ನೋಡುತ್ತಿದ್ದರು. ಆಗಲೇ ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಹೆದರಿಕೆಯಿಂದಲ್ಲ, ಮಾತು ಗಂಟಲಿನ ಕೆಳಗೆಲ್ಲೋ ಕೆಸರಿನ ಹಾಗೆ ತಳ ಹಿಡಿದು ಕೂತಿತ್ತು. ಮೊದಲು ಯಾರಿಗೆ ಹೇಳಬೇಕೆಂಬುದು ಮಾತ್ರ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ದೀಪದ ಮುಂದೆ ಕೂತಾಗ, ಜ್ವರದ ನಂತರ ಮೊದಲ ಸಲ, ಅವರು ದೇವರಲ್ಲಿ ಒಂದು ಬೇಡಿಕೆ ಇಟ್ಟರು. ಮೂಗು ಕೊಡು ಎಂದಲ್ಲ. ನಾಲಿಗೆ ಕೊಡು ಎಂದರು. ಆಮೇಲೆ ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಆಸ್ಪತ್ರೆಗೆ ಹೋದರು.

ಸೊಸೆ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ಕೆಂಡದ ಹಾಗಿತ್ತು. ಮಾವನನ್ನು ಕಂಡು ತಾನೇ ಮೊದಲು ಮಾತಾಡಿದಳು.

"ತಪ್ಪು ನಂದೇ ಮಾವ. ನನಗೆ ನಿನ್ನೆ ನೆಗಡಿ ಇತ್ತು. ಮೂಗು ಪೂರ್ತಿ ಕಟ್ಟಿತ್ತು. ಮಗ್ಗು ಹಿಡಿದಾಗ ಏನೂ ಗೊತ್ತಾಗಲಿಲ್ಲ."

"ನೆಗಡಿ? ನನಗೆ ಹೇಳಲಿಲ್ಲವಲ್ಲ."

"ಹೇಗೆ ಹೇಳೋದು? ಅತ್ತೆ ಹೋದ ಮೇಲೆ ಮನೇಲಿ ಯಾರಾದರೂ ಒಂದು ಸಲ ಸೀನಿದರೂ ನೀವು ತಟ್ಟೆ ಬಿಟ್ಟು ಏಳ್ತೀರಿ. ಅದಕ್ಕೇ ಸ್ನಾನದ ಮನೆಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಸೀನ್ತಿದ್ದೆ." ಅವಳು ನಗಲು ಹೋಗಿ ಕೆಮ್ಮಿದಳು. "ಹೇಗೂ ನೀವು ನೋಡಿದ್ದೀರಲ್ಲ, ನಾನು ಕಲಿಯೋಳು ತಾನೇ, ಒಂದು ದಿನ ಕಲಿಯದಿದ್ದರೆ ಏನಾಯ್ತು ಅಂದುಕೊಂಡೆ."

ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ನಾನು ನೋಡಿರಲಿಲ್ಲ ತಾಯಿ."

"ಏನು?"

"ನನಗೆ ವಾಸನೆ ತಿಳಿಯೋದಿಲ್ಲ. ಆ ಜ್ವರದಿಂದ. ಅವಳು ಹೋದಾಗಿನಿಂದ ಏನೂ ತಿಳಿಯೋದಿಲ್ಲ."

ಸೊಸೆಗೆ ಅರ್ಥವಾಗಲಿಲ್ಲ. "ಮತ್ತೆ ಇಷ್ಟು ದಿನ ನೀವು ಬಿಡು ಅಂತಿದ್ದಿದ್ದು?"

"ನಿನ್ನ ಮುಖ ನೋಡಿ."

ಪಕ್ಕದ ಹಾಸಿಗೆಯಲ್ಲಿ ಯಾರೋ ನೀರು ಕೇಳಿದರು. ದಾದಿ ಬಂದು ಕೊಟ್ಟು ಹೋದಳು.  ಆಮೇಲೆ ಸೊಸೆ ಮೆಲ್ಲಗೆ, ಒಂದೊಂದೇ ಮಾತು ಹೆಕ್ಕಿ ಹೇಳಿದಳು.

"ದಿನಾ ನನ್ನ ಮುಖ ಅಷ್ಟು ಹೊತ್ತು ನೋಡ್ತಿದ್ರಲ್ಲ ಮಾವ. ನಮ್ಮಪ್ಪನೂ ನನ್ನನ್ನ ಹಾಗೆ ನೋಡಿದವನಲ್ಲ. ಮಾವನಿಗೆ ನಾನಂದರೆ ಅಕ್ಕರೆ ಅಂದುಕೊಂಡೆ. ತವರಿಗೆ ಹೋದಾಗ ಹೇಳಿಕೊಂಡು ಬಂದೆ. ನೀವು ನೋಡ್ತಿದ್ದಿದ್ದು ನನ್ನನ್ನಲ್ಲ. ಮೊಟ್ಟೆ ವಾಸನೆನ."

ಮೇಷ್ಟ್ರು ಡಬ್ಬಿಯನ್ನು ಹಾಸಿಗೆಯ ಪಕ್ಕದಲ್ಲಿಟ್ಟರು.

"ಪಲ್ಯ ಸೀದು ಕರಿಯಾದ ದಿನ ತಟ್ಟೆ ಬಳಿದು ತಿಂದು ಚೆನ್ನಾಗಿದೆ ಅಂದ್ರಲ್ಲ, ಅದೂ ಹೀಗೇನಾ?"

"ಸೀದದ್ದು ನನಗೆ ಗೊತ್ತಾಗಲಿಲ್ಲ."

"ನಾನು ಒಲೆ ಮುಂದೆ ಕೂತು ಅತ್ತಿದ್ದೆ. ನನ್ನ ಮನಸ್ಸು ನೋಯಬಾರದು ಅಂತ ತಿಂದರಲ್ಲ ಅಂತ." ಅವಳ ದನಿ ಏರಿತು. "ನಿಮ್ಮ ಮಗನಿಗೆ ಬುದ್ಧಿ ಹೇಳಿದೆ, ನಿಮ್ಮಪ್ಪನ್ನ ನೋಡಿ ಕಲಿ ಅಂತ! ಆ ಮನುಷ್ಯ ಅವತ್ತು ತಟ್ಟೆ ತಳ್ಳಿದ್ದ, ಪಾಪ, ಅವನಿಗೆ ಮೂಗಾದರೂ ಇತ್ತು. ಒಂದಾದರೂ ನಿಜ ಇದೆಯಾ ಮಾವ, ಇಷ್ಟು ದಿನದಲ್ಲಿ?"

ಯಾವುದಾದರೂ ಒಂದು ಒಳ್ಳೆಯ ಮಾತು ಹೇಳಿ ಅವಳನ್ನು ಸಮಾಧಾನಪಡಿಸಬಹುದಿತ್ತು. ಮೂಗಿಗೆ ತುಪ್ಪ ಸವರಿದ ಹಾಗಾಗುತ್ತಿತ್ತು. ಮೇಷ್ಟ್ರು ತಮ್ಮೊಳಗೆ ಹುಡುಕಿದರು. ಅಲ್ಲಿ ಅಕ್ಕರೆ ಇತ್ತೋ ಇಲ್ಲವೋ ಅವರಿಗೇ ಕಾಣಲಿಲ್ಲ. ಮುಚ್ಚಿದ ಕೊಠಡಿಯಲ್ಲಿ ಸಾಮಾನು ಇದೆಯೆಂದು ಗೊತ್ತು, ಕೈಗೆ ತಗಲುವುದಿಲ್ಲ, ಹಾಗಿತ್ತು.

"ಗೊತ್ತಿಲ್ಲ ತಾಯಿ" ಎಂದರು. "ನನಗೆ ಒಳಗೂ ಏನೂ ತಿಳಿಯೋದಿಲ್ಲ. ಅವಳು ಹೋದಾಗ ಅಳು ಬರಲಿಲ್ಲ. ನಿನ್ನೆ ನೀನು ಮೆಟ್ಟಿಲ ಮೇಲೆ ಕೂತಿದ್ದು ನೋಡಿದಾಗಲೂ ಏನೂ ಅನ್ನಿಸಲಿಲ್ಲ. ಕಾಲು ಇಳಿಯಿತು, ಅಷ್ಟೇ."

 ಸೊಸೆಯ ಕೆಂಪು ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅದು ಅಳುವೋ ಉರಿಯೋ ಹೇಳುವಂತಿರಲಿಲ್ಲ. ಕೊನೆಗೆ ಕೈ ಚಾಚಿ ಡಬ್ಬಿಯನ್ನು ಎಳೆದುಕೊಂಡು, ಮುಚ್ಚಳ ತೆಗೆದು, ಒಂದು ಚಮಚ ಬಾಯಿಗಿಟ್ಟಳು.

"ಸೀದಿದೆ" ಎಂದಳು. ಮತ್ತೊಂದು ಚಮಚ ತೆಗೆದುಕೊಂಡಳು. "ಒಡತಿಗೆ ಹೇಳಿದ್ರಾ?"

"ಮೊದಲು ನಿನಗೆ ಅಂತ."

"ನನ್ನಿಂದ ಕ್ಷಮೆ ಸಿಕ್ಕಿತು ಅಂತ ಅಲ್ಲಿ ಹೇಳಬೇಡಿ. ನಾನಿನ್ನೂ ಕೊಟ್ಟಿಲ್ಲ."

"ಇಲ್ಲ, ಹೇಳೋದಿಲ್ಲ."

ಅಲ್ಲಿಂದ ಮೇಷ್ಟ್ರು ನೇರವಾಗಿ ಕಾರ್ಖಾನೆಗೆ ಹೋದರು. ಒಡತಿಯ ಕೋಣೆಯಲ್ಲಿ ರಾತ್ರಿ ಗಾಳಿ ಯಂತ್ರ ಕಾಯುವವನು ಗೋಣು ಬಗ್ಗಿಸಿ ನಿಂತಿದ್ದ. ತಿರುಪಣ್ಣನೂ ಇದ್ದ. ಮೇಷ್ಟ್ರು ಬಾಗಿಲಲ್ಲಿ ನಿಂತೇ ಹೇಳಿದರು. ಉದ್ದ ಮಾಡಲಿಲ್ಲ. ಬೆಲ್ಟ್ ಜಾರುವುದು ಬೆಲ್ಟಿನ ಗುಣ, ಅದು ಜಾರಿದೆಯೆಂದು ಗೊತ್ತಿದ್ದೂ ಬಿಡು ಎಂದವನು ನಾನು, ಮೂಗಿಲ್ಲದೆ ಎಂದರು.

ಒಡತಿ ಎದ್ದು ನಿಂತಳು, ಮತ್ತೆ ಕೂತಳು. ಎಷ್ಟೋ ವರ್ಷದ ಗೌರವ ಬಾಯಿಗೆ ಅಡ್ಡ ಬಂದು ಬೈಗುಳ ಅರ್ಧದಲ್ಲಿ ನಿಂತಿತು.

"ಮೇಷ್ಟ್ರೇ, ನೀವು... ಒಂದು ಮಾತು ಹೇಳಿದ್ದರೆ ನಾನೇನು ನಿಮ್ಮನ್ನ ಬೀದಿಗೆ ತಳ್ತಿದ್ನಾ?"

"ನೀರುಮನೆ ಮುಚ್ಚುತ್ತಿದ್ರಿ."

"ಮುಚ್ಚುತ್ತಿದ್ದೆ! ಮೀಟರ್ ಬರೋವರೆಗೆ ಮುಚ್ಚುತ್ತಿದ್ದೆ! ಆಮೇಲೆ ತೆಗೀತಿದ್ದೆ!" ಅವಳು ಮೇಜಿನ ಮೇಲೆ ಕೈ ಬಡಿದಳು. ಆಮೇಲೆ ದನಿ ಇಳಿಸಿದಳು. "ಆ ಹಾಳು ಮೀಟರ್ ತುಕ್ಕು ಹಿಡಿದಾಗ ಇನ್ನೊಂದು ತರಿಸದೆ ಇದ್ದವಳು ನಾನು. ಒಬ್ಬ ಮನುಷ್ಯನ ಮೂಗಿಗೆ ಇಡೀ ಕಾರ್ಖಾನೆ ಕಟ್ಟಿ ಹಾಕಿದೆ."

ತಿರುಪಣ್ಣ ಮಾತ್ರ ನಂಬಲಿಲ್ಲ. ಹೊರಗೆ ಬಂದು ಮೇಷ್ಟ್ರ ಮುಂದೆ ಬೀಡಿ ಹಚ್ಚಿ, ಹೊಗೆಯನ್ನು ಅವರ ಮುಖಕ್ಕೆ ಬಿಟ್ಟು ನೋಡಿದ. ಹಿಂದೆಲ್ಲ ಅಂಗಳದ ಆ ತುದಿಯಲ್ಲಿ ಬೀಡಿ ಹಚ್ಚಿದರೂ ಬೈಯುತ್ತಿದ್ದವರು ಸುಮ್ಮನೆ ನಿಂತಿದ್ದರು. ಅವನು ಬೀಡಿಯನ್ನು ನೆಲಕ್ಕೆ ಹಾಕಿ ತುಳಿದು ಹೊರಟು ಹೋದ.

ತೊಗಲಿನ ನೀರು ಕೆಲವು ವಾರ ನಿಂತಿತು. ಎರಡು ಹೊಸ ಮೀಟರ್ ಬಂದವು, ಒಂದು ಗೋಡೆಗೆ, ಒಂದು ಸೊಂಟಕ್ಕೆ. ನೀರುಮನೆಯ ತಗ್ಗಿನ ಗೋಡೆ ಒಡೆದು ಗಾಳಿ ಎಳೆಯುವ ದೊಡ್ಡ ಫ್ಯಾನ್ ಹಾಕಿದರು. ಮೇಷ್ಟ್ರಿಗೆ ಹಿಂಡುವ ಯಂತ್ರದ ಕೆಲಸ. ಅಲ್ಲಿ ಮೂಗು ಬೇಕಿಲ್ಲ, ಅಂಗೈ ಸಾಕು. ಬಟ್ಟೆಯ ಗಂಟನ್ನು ಒತ್ತಿದಾಗ ನೀರು ಎಷ್ಟು ಉಳಿದಿದೆ ಎಂದು ಕೈಗೆ ತಿಳಿಯುತ್ತದೆ. ಕೈಗೆ ಮಾತ್ರ ತಿಳಿಯುತ್ತಿತ್ತು ಎನ್ನಬೇಕು.

ಮನೆಯಲ್ಲಿ ಸೊಸೆ ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ತಟ್ಟೆ ಇಡುತ್ತಿದ್ದಳು. ಅವರು ಚೆನ್ನಾಗಿದೆ ಎನ್ನುವುದನ್ನು ಬಿಟ್ಟಿದ್ದರು. ಅವಳು ಕೇಳುವುದನ್ನೂ ಬಿಟ್ಟಿದ್ದಳು. ಕೆಲಸಕ್ಕೆ ಬರುತ್ತಾಳೋ ಇಲ್ಲವೋ ಎಂದು ಅವರು ಕೇಳಲಿಲ್ಲ. ಕೇಳುವ ಹಕ್ಕಿದೆ ಎಂದು ಅವರಿಗೆ ಅನ್ನಿಸಲಿಲ್ಲ. ಮಗ ಬಂದಾಗ, ಬೇಡ, ಬೇರೆ ಕಡೆ ನೋಡೋಣ ಎಂದು ಅವಳಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅವಳು ಹೇಳಿದ್ದೂ ಕೇಳಿಸಿತು: "ಆ ಕೆಲಸ ನನಗೆ ಬರುತ್ತೆ. ಬರೋ ಕೆಲಸ ಬಿಟ್ಟು ಎಲ್ಲಿಗೆ ಹೋಗಲಿ?"

ತೊಗಲಿನ ನೀರು ಮತ್ತೆ ಬಂದ ದಿನ ಅವಳೂ ಬಂದಳು. ಗಾಳಿ ಊದಿದ ನೀರನ್ನು ಮಗ್ಗಿನಲ್ಲಿ ಅಂಗಳಕ್ಕೆ ತಂದು, ಹನಿ ಬಿಟ್ಟು, ಮೊದಲು ಸೊಂಟದ ಮೀಟರನ್ನು ಹಿಡಿದು ನೋಡಿದಳು. ಆಮೇಲೆ ಕೈ ಬೀಸಿಕೊಂಡು ಮೂಸಿದಳು. ಲಾರಿಯವನು ಹಾರನ್ ಹೊಡೆಯದೆ ಕೆಳಗಿಳಿದು ನಿಂತಿದ್ದ. ಅಟ್ಟದ ಮೇಲೆ ತಿರುಪು ಹಿಡಿದಿದ್ದ ತಿರುಪಣ್ಣ, ಎಷ್ಟೋ ವರ್ಷದ ರೂಢಿ, ಯಂತ್ರದ ಬಳಿ ನಿಂತಿದ್ದ ಮೇಷ್ಟ್ರ ಕಡೆ ನೋಡಿದ.

"ಇಲ್ಲ. ಇನ್ನೂ ಇದೆ" ಎಂದಳು ಸೊಸೆ. "ಬಿಡಬೇಡಿ."

ತಿರುಪಣ್ಣ ಮೇಷ್ಟ್ರನ್ನೇ ನೋಡುತ್ತಿದ್ದ.

"ಅವಳು ಹೇಳಿದ ಮೇಲೆ ನನ್ನ ಮುಖದಲ್ಲಿ ಏನು ಹುಡುಕ್ತೀಯ?" ಎಂದರು ಮೇಷ್ಟ್ರು.

ಅವನು ತಿರುಪಿನಿಂದ ಕೈ ತೆಗೆದ. ಮೇಷ್ಟ್ರು ಹೋಗಿ ಗಾಳಿ ಯಂತ್ರದ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿ ಗುಂಡಿ ಒತ್ತಿದರು. ತೊಟ್ಟಿಯ ನೀರು ತಳದಿಂದ ಕುದಿಯುವಂತೆ ಗುಳ್ಳೆ ಎಬ್ಬಿಸತೊಡಗಿತು. ಬೂದು ಬಣ್ಣದ ನೊರೆ ಅಂಚಿನವರೆಗೆ ಬಂದು ಮತ್ತೆ ಇಳಿಯಿತು. ಸೊಸೆ ಬಂದು ಪಕ್ಕದಲ್ಲಿ ನಿಂತಳು. ಮೇಷ್ಟ್ರು ಅವಳ ಮುಖ ನೋಡದೆ ನೀರನ್ನೇ ನೋಡುತ್ತ ಕೇಳಿದರು:

"ಹೇಗಿದೆ ವಾಸನೆ?"

"ಕೆಟ್ಟದಾಗಿದೆ."

"ಎಷ್ಟು ಕೆಟ್ಟದು?"

"ಅದನ್ನ ಹೇಗೆ ಹೇಳೋದು ಮಾವ? ಕೆಟ್ಟದ್ದು ಅಂದರೆ ಕೆಟ್ಟದ್ದು."

"ಹೇಳು ತಾಯಿ. ಬಾಯಿಬಿಟ್ಟು ಹೇಳು."

ಅವಳು ಮೂಗಿನ ತುದಿಯನ್ನು ಹಿಂಗೈಯಿಂದ ಒರೆಸಿಕೊಂಡು, ಇನ್ನೊಮ್ಮೆ ಗಾಳಿ ಬೀಸಿಕೊಂಡಳು.

"ಮೇಲೆ ಸುಣ್ಣದ ಗೋಡೆ ನೆನೆದ ಹಾಗೆ" ಎಂದು ಶುರುಮಾಡಿದಳು. "ಅದರ ಕೆಳಗೆ ಮೊಟ್ಟೆ. ಆದರೆ ಬೆಳಿಗ್ಗೆ ಇದ್ದಷ್ಟಿಲ್ಲ. ಅದರ ಕೆಳಗೆ ಇನ್ನೊಂದೇನೋ ಇದೆ, ತಾಳಿ, ಹೇಳ್ತೀನಿ..."

ಮೇಷ್ಟ್ರು ತಲೆಯಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು.